ಎರಡು ಬೆರಳಗಲದ ಇಂಟರ್ನೆಟ್ಟು

ನಮ್ಮ ಮನೆಯ ಇಂಟರ್ನೆಟ್ಟು ಎರಡು ಬೆರಳಗಲಕ್ಕೆ ಇಳಿದದ್ದು ಆ ವರ್ಷದ ದೀಪಾವಳಿಯಾದ ಮೇಲೆ. ಉಳಿದ ಪರದೆಯನ್ನೆಲ್ಲ ಟೂಲ್‌ಬಾರುಗಳು ಆಕ್ರಮಿಸಿಬಿಟ್ಟಿದ್ದವು. ಹುಡುಕಲಿಕ್ಕೊಂದು, ಹವಾಮಾನಕ್ಕೊಂದು, ರಾಶಿಫಲಕ್ಕೊಂದು, ಹಲ್ಲು ಕಿಸಿಯುವ ಹಳದಿ ಮುಖಗಳಿಗೆಂದೇ ಎರಡು. ಇವುಗಳ ಕೆಳಗೆ ಉಳಿದ ಸಂದಿಯಲ್ಲಿ ಊರಿನ ಪೇಪರನ್ನು ಸಾಲು ಸಾಲಾಗಿ ಎಳೆದು ಓದಬೇಕು. ಆ ಸಂದಿಗೂ ಆಗಾಗ ಪಿಂಕಿ ಬರುತ್ತಿದ್ದಳು.

ಪಿಂಕಿ ಯಾರೆಂದು ಮೊದಲೇ ಹೇಳಿಬಿಡುತ್ತೇನೆ. (ಹೆಂಡತಿಗೂ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.) ಅವಳು ಕರೆಯದೇ ತೆರೆದುಕೊಳ್ಳುವ ಜಾಹೀರಾತಿನ ಹುಡುಗಿ. ಮೈಮೇಲೆ ಬಟ್ಟೆ ಕಡಿಮೆ, ಮಾತಿನಲ್ಲಿ ಅಕ್ಕರೆ ಜಾಸ್ತಿ. ತಾನು ನಾಸಿಕ್‌ನಲ್ಲೇ ಇದ್ದೇನೆ, ಒಬ್ಬಳೇ ಇದ್ದೇನೆ, ಮಾತಾಡಬೇಕಾಗಿದೆ ಎಂಬುದು ಅವಳ ಅಹವಾಲು.

"ಆಕಿಗೆ ನಮ್ಮ ಊರು ಹೆಂಗ ಗೊತ್ತಾತ್ರಿ?" ಎಂದು ಕೇಳಿದಳು ನನ್ನ ಧರ್ಮಪತ್ನಿ ಕಮಲಾಕ್ಷಿ.

"ಅದಕ್ಕ ಸ್ಪೈವೇರ್ ಅಂತಾರ. ನಾವು ಎಲ್ಲಿ ಇರ್ತೀವಿ, ಏನು ನೋಡ್ತೀವಿ, ಎಲ್ಲಾ ಕದ್ದು ತಿಳಕೊಂಡು ಅದಕ್ಕ ತಕ್ಕಂಗ ಜಾಹೀರಾತು ಕಳಸತದ."

"ನೀವು ಏನು ನೋಡಿದ್ರಿ ಅಂತ ಆಕಿ ಬಂದ್ಲು?"

ಇಂಥ ಪ್ರಶ್ನೆಗೆ ಸತ್ಯ ಹೇಳಿದರೂ ಸುಳ್ಳಿನಂತೆಯೇ ಕೇಳಿಸುತ್ತದೆ. ಆದ್ದರಿಂದ ನಾನು ಏಕಸದಸ್ಯ ತನಿಖಾ ಆಯೋಗವನ್ನು ನೇಮಿಸಿದೆ. ಸದಸ್ಯ ನಾನೇ. ಯಾಕೆಂದರೆ ನಾನು ನಾಸಿಕ್ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ನನ್ನ ರುಜು ಬೀಳದೆ ಒಂದು ಸ್ಕ್ರೂ ಕೂಡ ಆಕಾಶಕ್ಕೇರುವುದಿಲ್ಲ. (ಮನೆಯಲ್ಲಿ ಕೇಳದೆ ಫ್ಯಾನ್ ಹಾಕುವ ಅಧಿಕಾರವೂ ನನಗಿಲ್ಲ, ಆ ಮಾತು ಬೇರೆ.)

ತನಿಖೆ ಶುರುವಾಗುವ ಮೊದಲೇ ಅಪರಾಧಿ ಒಪ್ಪಿಕೊಂಡಳು.

"ಹೌದ್ರಿ, ನಾನ ಯೆಸ್ ಒತ್ತೀನಿ. ಅದು ಎಷ್ಟು ಮರ್ಯಾದಿಲೆ ಕೇಳತದ, ತಗೋತೀರೇನು ಅಂತ. ಕೊಡ್ಲಿಕ್ಕೆ ಬಂದವ್ರ ಮುಂದ ಬ್ಯಾಡ ಅಂತ ಹೆಂಗ ಅನ್ನೂದು?"

ಇದು ಅವಳ ಹಳದಿ-ಕುಂಕು ಸಿದ್ಧಾಂತ. ಸಂಕ್ರಾಂತಿ ಬಂತೆಂದರೆ ನಮ್ಮ ಟೌನ್‌ಶಿಪ್ಪಿನ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ ಕುಂಕುಮ ಹಚ್ಚಿಸಿಕೊಂಡು 'ವಾಣ' ಎಂಬ ಸಣ್ಣ ಉಡುಗೊರೆ ತರುತ್ತಾರೆ. ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ. ಹೀಗೆ ಬೇಡ ಅನ್ನದೆ ನಮ್ಮ ಅಡುಗೆಮನೆಯಲ್ಲಿ ಚಹಾ ಸೋಸುವ ಜರಡಿಗಳೇ ಒಂದು ಡಬ್ಬಿ ತುಂಬಿವೆ. ಚಹಾ ಕುಡಿಯುವವರು ಮೂವರು. ಕಂಪ್ಯೂಟರಿಗೂ ಅವಳು ಇದೇ ಶಿಷ್ಟಾಚಾರ ನಡೆಸಿದ್ದಳು.

"ಮೊದಲ್ನೇದ್ದು ಇ-ಮೇಲಿಗೆ ಬಂದ ದೀಪಾವಳಿ ಕಾರ್ಡಿನ ಸಂಗಾಟ ಬಂತ್ರಿ. ಅದನ್ನ ಕಳಿಸಿದವರು ಯಾರಂದ್ರ..."

"ಯಾರರ ಇರಲಿ. ಕಳಿಸಿದವಗ ಬುದ್ಧಿ ಇಲ್ಲ, ತಗೊಂಡಾಕಿಗೂ ಇಲ್ಲ," ಎಂದು ನಾನು ತೀರ್ಪು ಕೊಟ್ಟೆ.

ಕಮಲಾಕ್ಷಿ ಬಾಯಿ ಮುಚ್ಚಿದಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅದೊಂದು ಅಪಾಯದ ಸೂಚನೆ ಎಂದು ತಿಳಿಯಬೇಕಿತ್ತು. ತಿಳಿಯಲಿಲ್ಲ.

ಅವಸರಕ್ಕೆ ಕಾರಣವಿತ್ತು. ದೀಪಾವಳಿಗೆ ಮೊದಲೇ ಮಗಳು ಮೈತ್ರೇಯಿಗೆ ಪುಣೆಯ ಹುಡುಗ ಮನೋಜನ ಸಂಬಂಧ ಬಂದಿತ್ತು. ಗೇರ್ ತಯಾರಿಸುವ ಕಂಪನಿಯಲ್ಲಿ ಕೆಲಸ, ರಾಯಚೂರು ಕಡೆಯ ಒಳ್ಳೆಯ ಮನೆತನ. ಆ ಮನೆಯಲ್ಲಿ ಕೊನೆಯ ಮಾತು ಹುಡುಗನ ಸೋದರಮಾವ ಕೇಶವಮೂರ್ತಿಯವರದು. ಬ್ಯಾಂಕ್ ಮ್ಯಾನೇಜರ್, ಬದಲಿಯಾಗಿ ಔರಂಗಾಬಾದಿಗೆ ಬಂದಿದ್ದರು. ರವಿವಾರ ಬರುತ್ತೇನೆ, ಹುಡುಗನ ಫೋಟೋಗಳು ಇಂಟರ್ನೆಟ್ಟಿನಲ್ಲಿವೆ, ನಿಮ್ಮ ಕಂಪ್ಯೂಟರಿನಲ್ಲೇ ತೋರಿಸುತ್ತೇನೆ ಎಂದು ಫೋನ್ ಮಾಡಿದ್ದರು. ಮೈತ್ರೇಯಿ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ರವಿವಾರಕ್ಕೆ ಇನ್ನೆಷ್ಟು ದಿನ ಎಂದು ತಾಯಿಯನ್ನು ಕೇಳುತ್ತಲೇ ಇದ್ದಳು. ಇಂಥ ದೊಡ್ಡ ಮನುಷ್ಯರ ಮುಂದೆ ಪಿಂಕಿ ಪ್ರತ್ಯಕ್ಷಳಾದರೆ ಮಗಳ ಸಂಬಂಧದ ಗತಿಯೇನು ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ರಿಪೇರಿಯವ್ರನ್ನ ಕರಸ್ರಿ," ಎಂದಳು ಕಮಲಾಕ್ಷಿ.

"ವಿಮಾನ ತಪಾಸಣಿ ಮಾಡಾಂವಗ ಇದೇನು ದೊಡ್ಡದು?"

ಶನಿವಾರ ಕಾರ್ಖಾನೆಯ ಪದ್ಧತಿಯಂತೆ ಮೊದಲು ಮೌಸಿಗೆ ಕೆಂಪು ರಿಬ್ಬನ್ ಕಟ್ಟಿದೆ. ನಮ್ಮಲ್ಲಿ ಕೆಂಪು ರಿಬ್ಬನ್ ಕಟ್ಟಿದ ಭಾಗವನ್ನು ಇನ್‌ಸ್ಪೆಕ್ಟರ್ ಹೊರತು ಯಾರೂ ಮುಟ್ಟಬಾರದು. ಆಮೇಲೆ ಟೂಲ್‌ಬಾರುಗಳನ್ನು ಒಂದೊಂದಾಗಿ ಅಳಿಸಿದೆ. ಪ್ರತಿಯೊಂದೂ ಹೊರಡುವಾಗ 'ನಿಜವಾಗಿಯೂ ನಮ್ಮನ್ನು ಕಳಿಸುತ್ತೀರಾ' ಎಂದು ಕೇಳುತ್ತಿತ್ತು. ಹಿಂದೆ ನಿಂತ ಕಮಲಾಕ್ಷಿ "ಪಾಪ" ಎನ್ನುತ್ತಿದ್ದಳು. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಅರ್ಧ ಟೂಲ್‌ಬಾರುಗಳು ಪಿಂಕಿಯನ್ನೂ ಕರೆದುಕೊಂಡು ತವರಿಗೆ ಬಂದಂತೆ ವಾಪಸು ಬಂದಿದ್ದವು.

"ಬಾಬಾ, ಸೇಫ್ ಮೋಡ್‌ದಾಗ ಚಾಲೂ ಮಾಡಾ ನಾ, ಮಗ ಡಿಲೀಟ್ ಮಾಡಾ," ಎಂದಳು ಮೈತ್ರೇಯಿ, 'ಆಮೇಲೆ' ಎನ್ನಲು ಮರಾಠಿಯ 'ಮಗ' ಬೆರೆಸುವ, ನಾಸಿಕ್‌ನಲ್ಲಿ ಬೆಳೆದ ತನ್ನ ಕನ್ನಡದಲ್ಲಿ. (ಅದೇ ನನ್ನ ಮುಂದಿನ ಹೆಜ್ಜೆಯಾಗಿತ್ತು ಎಂದು ಅವಳಿಗೆ ಸ್ಪಷ್ಟಪಡಿಸಿದೆ.) ಕಂಪ್ಯೂಟರ್ ಎದ್ದ ಕೂಡಲೇ ತಾವೂ ಏಳುವ ಪ್ರೋಗ್ರಾಮುಗಳ ನಡುವೆ 'ಸಹಾಯಕ' ಎಂಬ ಸಭ್ಯ ಹೆಸರಿನ ಒಬ್ಬ ಕೂತಿದ್ದ. ಉಳಿದವರನ್ನೆಲ್ಲ ಮರಳಿ ಕರೆಸುತ್ತಿದ್ದವನು ಅವನೇ. ಅವನನ್ನು ಅಳಿಸಿದ ಮೇಲೆ ಪರದೆ ಸಾರಿಸಿದ ಅಂಗಳದಂತೆ ಸ್ವಚ್ಛವಾಯಿತು. 'ಯಾರೇ ಕೇಳಲಿ, ಯೆಸ್ ಒತ್ತಬಾರದು' ಎಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿ, ಬೇಡ ಎನ್ನುವ ಧೈರ್ಯದ ಬಗ್ಗೆ ಹೆಂಡತಿಗೆ ಒಂದು ಉಪನ್ಯಾಸವನ್ನೂ ಕೊಟ್ಟೆ. ಅವಳು ಕೊತ್ತಂಬರಿ ಸೋಸುತ್ತ ಕೇಳಿಸಿಕೊಂಡಳು.

ರವಿವಾರ ಕೇಶವಮೂರ್ತಿಯವರು ಸಫಾರಿ ಸೂಟಿನಲ್ಲಿ ಬಂದು, ಉಪ್ಪಿಟ್ಟು ತಿಂದು, ಕಂಪ್ಯೂಟರಿನ ಮುಂದೆ ಕೂತರು.

"ಇದೇನ್ರಿ, ಮೌಸಿಗೆ ರಿಬ್ಬನ್?"

"ದೃಷ್ಟಿ ಆಗಬಾರದು ಅಂತರಿ," ಎಂದಳು ಕಮಲಾಕ್ಷಿ. ಅವರು ನಕ್ಕು ರಿಬ್ಬನ್ ಬಿಚ್ಚಿಟ್ಟು ಬ್ರೌಸರ್ ತೆರೆದರು. ನಗು ಅಲ್ಲಿಗೇ ನಿಂತಿತು.

"ಏನ್ರಿ ಇದು, ಬಣಬಣ ಅಂತದಲ್ಲ. ನಾ ದೀಪಾವಳಿಗೆ ಕಳಿಸಿದ ಕಾರ್ಡಿನ ಸಂಗಾಟ ಕುಣಿಯೋ ಗಿಣಿ ಬಂದಿರಬೇಕಲ್ರಿ? ತಗದು ಒಗದ್ರೇನು?"

ನಾನು ಕಮಲಾಕ್ಷಿಯ ಮುಖ ನೋಡಿದೆ. ಅವಳು ಫ್ಯಾನ್ ನೋಡುತ್ತಿದ್ದಳು.

"ನಮ್ಮ ಕಾರ್ಡು ನಿಮ್ಮ ಮನಸ್ಸಿಗೆ ಬರಲಿಲ್ಲ ಅನಸ್ತದ," ಎಂದರು ಕೇಶವಮೂರ್ತಿ, ಸಾಲ ಮಂಜೂರಾಗಲಿಲ್ಲ ಎಂದು ತಿಳಿಸುವ ದನಿಯಲ್ಲಿ. ಅಡುಗೆಮನೆಯ ಬಾಗಿಲಲ್ಲಿ ಮೈತ್ರೇಯಿ ಚಹಾದ ಟ್ರೇ ಹಿಡಿದು ಅಲ್ಲಾಡದೆ ನಿಂತಿದ್ದಳು.

"ಛೆ ಛೆ, ಅದು ತಾನಽ ಹೋತ್ರಿ," ಎಂದೆ. "ನಾವು ಭಾಳ ಹುಡಿಕಿದ್ವಿ."

"ಹಂಗಾರ ನಾನ ಮತ್ತ ಹಾಕಿಕೊಡ್ತೀನಿ ತಗೋರಿ."

ಕಂಪ್ಯೂಟರ್ ಎಂದಿನಂತೆ ಮರ್ಯಾದೆಯಿಂದ ಕೇಳಿತು. ಅವರು ಮೌಸನ್ನು ನನ್ನತ್ತ ಸರಿಸಿದರು. "ಮನಿ ಯಜಮಾನ್ರು ನೀವು. ನೀವಽ ಒತ್ತರಿ."

ಕಮಲಾಕ್ಷಿ ಟೇಬಲ್ ಒರೆಸುವ ನೆಪದಲ್ಲಿ ಬಂದು ನನ್ನ ಚೀಟಿಯನ್ನು ಸದ್ದಿಲ್ಲದೆ ಕಿತ್ತುಕೊಂಡು ಹೋದಳು. ಹೆಣ್ಣು ಹೆತ್ತವನು ನಾನು. ಯೆಸ್ ಒತ್ತಿದೆ. ಗಿಣಿ ಬಂತು. ಹಳದಿ ಮುಖಗಳು ಬೇಕೇ? ಯೆಸ್. ಹವಾಮಾನ? ಯೆಸ್. ರಾಶಿಫಲ? "ಒತ್ತರಿ, ಒತ್ತರಿ, ಪುಕ್ಕಟೆ ಅದ," ಎಂದರು ಅವರು. ನೋಡನೋಡುತ್ತಲೇ ಇಂಟರ್ನೆಟ್ಟು ಮತ್ತೆ ಎರಡು ಬೆರಳಗಲವಾಯಿತು.

ಆ ಸಂದಿಯಲ್ಲೇ ಭಾವಿ ಅಳಿಯನ ದರ್ಶನವಾಯಿತು. ಮೊದಲು ಹಣೆ, ಎಳೆದರೆ ಮೂಗು, ಇನ್ನಷ್ಟು ಎಳೆದರೆ ಟೈ.

"ಹುಡುಗ ಎತ್ತರ ಇದ್ದಾನ, ಒಮ್ಮೆಲೆ ಬರಂಗಿಲ್ಲ," ಎಂದು ಮಾವ ವಿವರಿಸಿದರು.

ಮೊಣಕಾಲಿನ ಹತ್ತಿರ ಬಂದಾಗ ಪಿಂಕಿ ತೆರೆದುಕೊಂಡಳು. ನಾನು ಕಣ್ಣು ಮುಚ್ಚಿದೆ. ಕೇಶವಮೂರ್ತಿ ಮಾತ್ರ ನೊಣ ಓಡಿಸಿದಷ್ಟು ಸಲೀಸಾಗಿ ಅವಳನ್ನು ಮುಚ್ಚಿದರು.

"ಈಕಿ ನಿಮ್ಮಲ್ಲೂ ಬರ್ತಾಳೇನು? ನಮ್ಮಲ್ಲಿ ಔರಂಗಾಬಾದಿನಾಕಿ ಅಂತ ಹೇಳ್ತಾಳ," ಎಂದು ಚಹಾ ಕುಡಿದರು. "ಭಾಳ ಸಜ್ಜನ ಮಂದಿ ನೀವು. ಸಂಬಂಧ ನಮಗ ಒಪ್ಪಿಗಿ ಅದರಿ."

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ನಾನು ಕಂಪ್ಯೂಟರಿನ ಮುಂದೆ ಕೂತೆ. ಒಳಗೆ ಮೈತ್ರೇಯಿ ಫೋನಿನಲ್ಲಿ ಗೆಳತಿಗೆ ಮರಾಠಿಯಲ್ಲಿ ಸುದ್ದಿ ಹೇಳಿ ನಗುತ್ತಿದ್ದಳು. ನನಗೂ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಮಲಾಕ್ಷಿ ಬಂದು ಟೇಬಲ್ಲಿನ ಮೇಲಿದ್ದ ಕೆಂಪು ರಿಬ್ಬನ್ ಎತ್ತಿಕೊಂಡು, ನನ್ನ ಬಲಗೈಯ ತೋರುಬೆರಳಿಗೆ ಗಟ್ಟಿಯಾಗಿ ಗಂಟು ಹಾಕಿದಳು.

"ಬ್ಯಾಡ ಅನ್ನೂದು ಹೆಂಗ ಅಂತ ನಿನ್ನೆ ಹೇಳಿಕೊಡ್ಲಿಕತ್ತಿದ್ರಿ. ಅದು ಮುಂದೇನಾತ್ರಿ?"

ಅಷ್ಟರಲ್ಲಿ ಪರದೆಯ ಮೇಲೆ ಗಿಣಿ ಕುಣಿಯುತ್ತ ಬಂದು, ತನ್ನ ತಮ್ಮನನ್ನೂ ಕರೆಯಲೇ ಎಂದು ಕೇಳಿತು. ಬೀಗರ ಗಿಣಿ. ರಿಬ್ಬನ್ ಕಟ್ಟಿದ ಬೆರಳಿನಿಂದಲೇ ಯೆಸ್ ಒತ್ತಿದೆ.