ರುಚಿ ನೋಡದ ಕೆಮಿಸ್ಟ್

ಒಮ್ಮೆ ಮಾಡಿದ ತಪ್ಪನ್ನು ನಾನು ಮತ್ತೆ ಮಾಡುವುದಿಲ್ಲ. ತೊಂದರೆ ಏನೆಂದರೆ, ಹೊಸ ತಪ್ಪುಗಳಿಗೆ ಯಾವತ್ತೂ ಬರವಿಲ್ಲ. ಅಮೆರಿಕದಲ್ಲಿ ಕೆಮಿಸ್ಟ್ರಿ ಎಂ.ಎಸ್. ಮುಗಿಸಿ ವುಡ್‌ರಿಡ್ಜ್ ಹತ್ತಿರದ ಒಂದು ಸಣ್ಣ ಫುಡ್ ಲ್ಯಾಬ್ ಸೇರಿದ ಹೊಸದರಲ್ಲಿ ಅವು ಸಾಲಾಗಿ ಬಂದವು. ಬೇರೆ ಕಂಪನಿಗಳು ಮಾರುವ ಡಬ್ಬದ ಸೂಪುಗಳನ್ನು ಮೊದಲು ಮಾಡಿ ನೋಡುವುದು ನಮ್ಮ ಕೆಲಸ. ಆರು ತಿಂಗಳ ಕೊನೆಗೆ ಬಾಸ್ ಒಪ್ಪಿದರೆ ಕೆಲಸ ಖಾಯಂ, ಕಂಪನಿಯಿಂದ ವೀಸಾ. ಒಪ್ಪದಿದ್ದರೆ ವಾಪಸ್ ಮೈಸೂರು.

೧. ಹೆಸರು

ಬಾಸ್ ಅಮೆರಿಕನ್, ನನ್ನ ಅಪ್ಪನ ವಯಸ್ಸು. ಮೊದಲ ದಿನವೇ, "ಸರ್ ಗಿರ್ ಎಲ್ಲ ಬೇಡ, ಹೆಸರು ಹಿಡಿದು ಕರಿ" ಎಂದರು. ಹೆಸರು ಬಾಯಿಗೆ ಬರಲಿಲ್ಲ. ಸರ್ ಅನ್ನುವಂತಿಲ್ಲ. ಹಾಗಾಗಿ ಕರೆಯುವುದನ್ನೇ ಬಿಟ್ಟೆ. ಏನಾದರೂ ಕೇಳಬೇಕಾದರೆ ಎದುರು ಹೋಗಿ ನಿಲ್ಲುತ್ತಿದ್ದೆ. ಅವರು ತಲೆ ಎತ್ತಿದ ಮೇಲೆ ಮಾತು.

ಒಂದು ದಿನ ಅವರು ಒಲೆಗೆ ಬೆನ್ನು ಹಾಕಿ ಫೋನಿನಲ್ಲಿದ್ದರು. ಹಿಂದೆ ಟೊಮೆಟೊ ಸೂಪು ಉಕ್ಕತೊಡಗಿತು. ನಾನು ಕೋಣೆಯ ಇನ್ನೊಂದು ತುದಿಯಲ್ಲಿ, ಎರಡು ಕೈಯಲ್ಲೂ ಬಿಸಿ ಪಾತ್ರೆ. "ಎಕ್ಸ್‌ಕ್ಯೂಸ್ ಮಿ" ಎಂದೆ. ಕೇಳಿಸಲಿಲ್ಲ. ಕೆಮ್ಮಿದೆ. ಇನ್ನೂ ಜೋರಾಗಿ ಕೆಮ್ಮಿದೆ. ಅವರು ತಿರುಗದೆಯೇ, "ಶೀತ ಆಗಿದ್ರೆ ಮನೆಗೆ ಹೋಗು" ಎಂದರು. ಅಷ್ಟರಲ್ಲಿ ಸೂಪು ಅವರ ಶೂ ತಲುಪಿತು.

ಶೂ ಒರೆಸಿಕೊಳ್ಳುತ್ತಾ ಕೇಳಿದರು: "ಬಿಲ್ಡಿಂಗ್‌ಗೆ ಬೆಂಕಿ ಬಿದ್ರೂ ಹೀಗೇ ಕೆಮ್ತೀಯಾ?"

೨. ರುಚಿ

ನಮ್ಮ ಮನೆಯಲ್ಲಿ ಹಬ್ಬದ ಅಡುಗೆಯನ್ನು ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು. ಅಮ್ಮ ಕೈಅಳತೆಯಲ್ಲೇ ಉಪ್ಪು ಹಾಕುತ್ತಾರೆ, ಅದು ತಪ್ಪಿದ್ದಿಲ್ಲ. ನನಗೂ ಅದೇ ಅಭ್ಯಾಸ. ಲ್ಯಾಬಿನಲ್ಲಂತೂ ತಕ್ಕಡಿಯೇ ಇದೆ, ನಾಲಿಗೆ ಯಾಕೆ?

ನಾನೊಬ್ಬಳೇ ಮಾಡಿದ ಮೊದಲ ಸೂಪನ್ನು ಬಾಸ್ ಮತ್ತು ಸಹೋದ್ಯೋಗಿಗಳ ಮುಂದಿಟ್ಟೆ. ಒಬ್ಬರು ಒಂದು ಚಮಚ ಕುಡಿದು ನೀರು ಕೇಳಿದರು. ಇನ್ನೊಬ್ಬರು ಏನೂ ಕೇಳದೆ ಎದ್ದು ಹೊರಗೆ ಓಡಿದರು. ಉಪ್ಪಿನ ಬದಲು ಸಿಟ್ರಿಕ್ ಆಸಿಡ್ ಬಿದ್ದಿತ್ತು. ಎರಡೂ ಬಿಳಿ ಪುಡಿ, ಒಂದೇ ಥರದ ಡಬ್ಬಿ, ಲೇಬಲ್ ಗೋಡೆಯ ಕಡೆ. ತೂಕ ಮಾತ್ರ ಕರಾರುವಾಕ್ಕಾಗಿತ್ತು.

"ನೀನು ಕುಡಿದು ನೋಡ್ಲಿಲ್ವಾ?" ಬಾಸ್ ಕೇಳಿದರು.

"ಇಲ್ಲ."

"ಯಾಕೆ?"

"ನೀವೆಲ್ಲ ಇನ್ನೂ ಕುಡಿದಿರಲಿಲ್ಲ."

ಅವರು ತಮ್ಮ ಬಟ್ಟಲನ್ನು ನನ್ನ ಕಡೆ ತಳ್ಳಿದರು. "ಇಷ್ಟು ಮರ್ಯಾದೆ ಕೊಟ್ಟು ನನಗೆ ಇದುವರೆಗೆ ಯಾರೂ ವಿಷ ಹಾಕಿರಲಿಲ್ಲ."

ಅಂದಿನಿಂದ ಕೋಟಿನ ಜೇಬಿನಲ್ಲಿ ಒಂದು ಚಮಚ. ಒಲೆಯ ಮೇಲೆ ಏನಿದ್ದರೂ ಮೊದಲು ನನ್ನ ಬಾಯಿಗೆ.

೩. ಬೇಡ

ಡೆಟ್ರಾಯ್ಟ್ ಕಡೆಯ ಒಬ್ಬ ಕಸ್ಟಮರ್‌ಗೆ ನಾನು ಪಾಲಕ್ ಸೂಪು ಮಾಡಿದ್ದೆ. ಆರು ತಿಂಗಳು ಮುಗಿಯುತ್ತಾ ಬಂದಿತ್ತು. "ಅಲ್ಲಿಗೆ ಹೋಗಿ ಬಂದ ಮೇಲೆ ನಿನ್ನ ಕೆಲಸದ ವಿಷಯ ತೀರ್ಮಾನ ಮಾಡ್ತೀನಿ" ಎಂದ ಬಾಸ್, "ನೀನೂ ಬರ್ತೀಯಾ?" ಎಂದರು.

"ಪರವಾಗಿಲ್ಲ, ಬೇಡ" ಎಂದೆ.

ಕರೆದ ತಕ್ಷಣ ಹೂಂ ಅನ್ನುವುದು ನಮ್ಮಲ್ಲಿ ಚೆನ್ನಾಗಿರುವುದಿಲ್ಲ. ಕರೆದವರು ಇನ್ನೊಮ್ಮೆ ಕರೆಯಬೇಕು, ಒತ್ತಾಯ ಮಾಡಬೇಕು. ಸಂಜೆಯವರೆಗೂ ಕಾದೆ. ಒತ್ತಾಯ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವರು ನನ್ನ ಸೂಪನ್ನು ಕಾರಿಗೆ ಏರಿಸುತ್ತಿದ್ದಾಗ ಎದುರು ಹೋಗಿ ನಿಂತೆ.

"ಏನು?"

"ಇನ್ನೊಂದ್ಸಲ ಕೇಳ್ತೀರಾ?"

"ಏನನ್ನ?"

"ಬರ್ತೀಯಾ ಅಂತ."

ಕೇಳಿದರು. "ಆಗಲಿ" ಎಂದೆ.

ಹೈವೇ ಸೇರಿದ ಮೇಲೆ ಕೇಳಿದರು: "ನಿಮ್ಮಲ್ಲಿ ಮದುವೆಗಳೆಲ್ಲ ಹೇಗೆ ಆಗ್ತವೆ?"

೪. ಸಜ್ಜಿಗೆ

ಕಸ್ಟಮರ್ ಸೂಪು ಕುಡಿದು "ನೋಡೋಣ" ಎಂದರು. ಬಾಸ್ ಅದೂ ಹೇಳಲಿಲ್ಲ. ಆ ಸಂಜೆ ಅಲ್ಲೇ ಹತ್ತಿರದ ನಾರ್ತ್‌ವಿಲ್‌ನಲ್ಲಿ ಅಮ್ಮನ ಗೆಳತಿಯೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. "ನಿಮ್ಮ ಬಾಸನ್ನೂ ಕರ್ಕೊಂಡು ಬಾ" ಎಂದಿದ್ದರು ಆಂಟಿ. ಬಾಸ್ ಒಂದೇ ಸಲಕ್ಕೆ ಹೂಂ ಎಂದರು.

ಅಡುಗೆಮನೆಯಲ್ಲಿ ಆಂಟಿ ಪ್ರಸಾದದ ಸಜ್ಜಿಗೆ ಕೆದಕುತ್ತಿದ್ದರು. ಹಾಲ್‌ನಲ್ಲಿ ಭಟ್ಟರು ಕಾಯುತ್ತಿದ್ದರು.

"ತಳ ಹಿಡಿಯದ ಹಾಗೆ ನೋಡ್ಕೊಳಮ್ಮ, ಬಾಳೆಹಣ್ಣು ತರ್ತೀನಿ" ಎಂದು ಸೌಟು ಕೊಟ್ಟು ಹೋದರು. ಬಾಸ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಾಸ್ ಎದುರಿಗೆ, ಒಲೆ ಮುಂದೆ. ಕೈ ತಾನಾಗಿಯೇ ಚಮಚ ಹುಡುಕಿತು.

ಆಂಟಿ ವಾಪಸ್ ಬಂದಾಗ ಹೇಳಿದೆ: "ಸಕ್ಕರೆ ಸ್ವಲ್ಪ ಕಮ್ಮಿ, ಆಂಟಿ."

ಆಂಟಿ ಅಲ್ಲೇ ನಿಂತರು. "ನಿನಗೆ ಹೇಗೆ ಗೊತ್ತಾಯ್ತು?"

ಚಮಚ ಇನ್ನೂ ನನ್ನ ಕೈಯಲ್ಲೇ ಇತ್ತು.

ಆಂಟಿ ಆ ಬಾಣಲೆಯನ್ನು ಪಕ್ಕಕ್ಕಿಟ್ಟು ಹೊಸದಾಗಿ ರವೆ ಹುರಿಯಲು ಶುರು ಮಾಡಿದರು. "ಮೈಸೂರಲ್ಲಿ ಇಷ್ಟು ಚೆನ್ನಾಗಿ ಬೆಳೆದ ಹುಡುಗಿ. ಯಾರಮ್ಮ ನಿನಗೆ ಇದನ್ನ ಕಲಿಸಿದ್ದು?"

ಏನಂದರು ಎಂದು ಬಾಸ್ ಕೇಳಿದರು. ಅನುವಾದ ಮಾಡಿ ಹೇಳಿದೆ.

ಬಾಸ್ ಎದೆಯ ಮೇಲೆ ಕೈ ಇಟ್ಟುಕೊಂಡು ಆಂಟಿಯ ಕಡೆ ನಕ್ಕರು. "ನಾನೇ ಕಲಿಸಿದ್ದು. ತುಂಬ ಕಷ್ಟಪಟ್ಟೆ. ಈಗ ನೋಡಿ, ಹೇಳದೆಯೇ ಮಾಡ್ತಾಳೆ. ಸೋಮವಾರ ಇವಳ ಕೆಲಸ ಖಾಯಂ ಮಾಡ್ತೀನಿ."

ಆಂಟಿ ಎಂಜಲಾದ ಬಾಣಲೆಯನ್ನು ನಮ್ಮಿಬ್ಬರ ಮುಂದೆ ಕುಕ್ಕಿದರು. "ಗುರು ಶಿಷ್ಯೆ ಸೇರಿ ಖಾಲಿ ಮಾಡಿ."

ಬಾಸ್ ನಿಂತಲ್ಲೇ ಒಂದು ತಟ್ಟೆ ತಿಂದರು. ಎರಡನೆಯದಕ್ಕೆ ಕೈ ಹಾಕುತ್ತಾ ಆಂಟಿಗೆ ಹೇಳಿದರು: "ಇವಳು ಹೇಳಿದ್ದು ಸರಿ. ಸಕ್ಕರೆ ಕಮ್ಮಿ."

ಆಂಟಿ ಒಲೆಯ ಕಡೆ ತಿರುಗಿ ಹೊಸ ಬಾಣಲೆಗೆ ಇನ್ನೊಂದು ಲೋಟ ಸಕ್ಕರೆ ಸುರಿದರು. ರುಚಿ ನೋಡದೆ.