ಮೂರು ಕಾಲಿನ ಸ್ಟ್ಯಾಂಡು, ಐದು ನಿಂಬೆ ಗಿಡ

ಐವತ್ತು ದಾಟಿದ ಮನುಷ್ಯ ಯಾವ ವಸ್ತು ಕೊಳ್ಳಲು ಹೋದರೂ ಮೊದಲು ಅದನ್ನು ಎತ್ತಿ ನೋಡುತ್ತಾನೆ. ಬಣ್ಣ, ಬಾಳಿಕೆ, ಕಂಪನಿಯ ಹೆಸರು ಎಲ್ಲ ಆಮೇಲೆ. ಜೋಳದ ಚೀಲವಿರಲಿ, ಮೊಮ್ಮಗುವಿರಲಿ, ಎತ್ತಿದಾಗ ಸೊಂಟ ಏನನ್ನುತ್ತದೆ ಎಂಬುದೇ ಕೊನೆಯ ಮಾತು. ನನ್ನ ತೀರ್ಮಾನಗಳೆಲ್ಲ ಈಚೆಗೆ ಸೊಂಟದಿಂದಲೇ ಹೊರಡುತ್ತವೆ. ತಲೆ ಸುಮ್ಮನೆ ರುಜು ಹಾಕುತ್ತದೆ. ಅಂಥ ಒಂದು ತೀರ್ಮಾನದಿಂದ ಐದು ನಿಂಬೆ ಗಿಡಗಳು ನೆಲಕ್ಕುರುಳಿದವು. ಅದನ್ನು ಯಾರಿಗಾದರೂ ಹೇಳಿಕೊಳ್ಳದೆ ನನಗೆ ಊಟ ರುಚಿಸುತ್ತಿಲ್ಲ. ಹೇಳಿಕೊಂಡ ಮೇಲೆ ರುಚಿಸೀತೆಂಬ ಭರವಸೆಯೂ ಇಲ್ಲ.

ನಾನು ವಿಜಯಪುರ ಜಿಲ್ಲೆಯ ಇಂಡಿಯಲ್ಲಿರುವ ಖಾಸಗಿ ಸರ್ವೇಯರ್. ಹೊಲ ಅಳೆಯುವ ಯಂತ್ರವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ದೂರದ ಗಡಿಕಲ್ಲನ್ನು ನೋಡುವುದು ನನ್ನ ವೃತ್ತಿ. ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಎಲ್ಲಿ ಸ್ಟ್ಯಾಂಡು ಬಿಡಿಸಿದರೂ ಜನ ಅದನ್ನು ಕ್ಯಾಮೆರಾ ಎಂದೇ ತಿಳಿಯುತ್ತಾರೆ. ಮುದ್ದೇಬಿಹಾಳದ ಕಡೆ ಒಬ್ಬ ಅಜ್ಜ ರುಮಾಲು ಸರಿಮಾಡಿಕೊಂಡು ಕಲ್ಲಿನ ಪಕ್ಕ ಅರ್ಧ ತಾಸು ಅಲುಗಾಡದೆ ನಿಂತಿದ್ದ. ಇದು ಫೋಟೊ ಅಲ್ಲವೆಂದು ಕೊನೆಗೆ ಹೇಳಿದಾಗ ಅವನು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋದ ರೀತಿ ಇನ್ನೂ ಕಣ್ಣ ಮುಂದಿದೆ.

ನನ್ನ ಹಳೆಯ ಸ್ಟ್ಯಾಂಡು ಕಟ್ಟಿಗೆಯದು. ಕಾಲ ತುದಿಗೆ ಕಬ್ಬಿಣದ ಮೊಳೆ, ಕೀಲಿಗೆ ಹಿತ್ತಾಳೆ ತಿರುಪು. ಇಪ್ಪತ್ತು ವರ್ಷ ನನ್ನನ್ನು ಎಂದೂ ಅಲುಗಿಸಿರಲಿಲ್ಲ, ಸೊಂಟವೊಂದನ್ನು ಬಿಟ್ಟು. ಅದನ್ನು ಹೊತ್ತು ಬಂದ ಸಂಜೆಗಳಲ್ಲಿ ನಾನು ಬಾಗಿಲಲ್ಲೇ ಗೋಡೆ ಹಿಡಿದು ನಿಲ್ಲುವುದನ್ನು ನೋಡಿ ನೋಡಿ, ಇನ್ನು ಸ್ಟ್ಯಾಂಡು ಹೊರುವವನನ್ನು ಹೊರಲು ಬೇರೊಬ್ಬನನ್ನು ಹುಡುಕಬೇಕಾದೀತು ಎಂದು ಹೆಂಡತಿ ಹೇಳಿದಳು. ಹಗುರಾದ ಸ್ಟ್ಯಾಂಡು ತರಲು ವಿಜಯಪುರದ ಅಂಗಡಿಗೆ ಹೋದೆ. ಅಂಗಡಿಯವನು ಎರಡನ್ನು ಬಿಡಿಸಿಟ್ಟ. ಒಂದು ಹಳೆಯದರ ತಮ್ಮನಂತೆ ದಪ್ಪ ಕಟ್ಟಿಗೆಯದು. ಇನ್ನೊಂದು ಅಲ್ಯೂಮಿನಿಯಮ್ಮಿನದು, ಕೊಕ್ಕರೆಯ ಕಾಲಿನಂತೆ ಸಣ್ಣಗೆ ಹೊಳೆಯುತ್ತಿತ್ತು. ಸ್ಟ್ಯಾಂಡಿನ ನೆತ್ತಿಯ ಮೇಲೆ ಅಂಗೈ ಒತ್ತಿ ತಿರುವಿ ನೋಡಿ ಎಂದ. ಕಟ್ಟಿಗೆಯದು ಮಿಸುಕಲಿಲ್ಲ. ಕೊಕ್ಕರೆ ಸಣ್ಣಗೆ ಮೈಮುರಿದು ಮತ್ತೆ ನೆಟ್ಟಗಾಯಿತು.

“ನಿಮ್ಮದು ಬಯಲ ಗಾಳಿ. ಭಾರ ಇದ್ದದ್ದ ನಿಲ್ತೈತ್ರಿ” ಎಂದ ಅವನು.

ದುಬಾರಿಯದನ್ನು ದಾಟಿಸುವ ಉಪಾಯ ಇದು ಎಂದುಕೊಂಡೆ. ಕೊಕ್ಕರೆಯನ್ನು ಎರಡೇ ಬೆರಳಲ್ಲಿ ಎತ್ತಿದೆ. ಅಲ್ಲಿಗೆ ಮುಗಿಯಿತು. ಮುಂದಿನ ವಾರ ಬಸವನ ಬಾಗೇವಾಡಿಯಲ್ಲಿ ಅದರ ಒಂದು ಕಾಲು, ಮುದುಕರು ಕಟ್ಟೆಯ ಮೇಲೆ ಕೂರುವಂತೆ, ನಿಧಾನವಾಗಿ ಕುಸಿಯಿತು. ಸೈಕಲ್ ಟ್ಯೂಬಿನ ಚೂರು ಬಿಗಿದು ಕಟ್ಟಿ, ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಆಮೇಲೆ ಬಂದದ್ದು ಸಾಲೋಟಗಿ ಕಡೆಯ ಕೆಲಸ. ದಸ್ತಗೀರಸಾಬರ ಮತ್ತು ಶಿವಗೊಂಡಪ್ಪನವರ ನಿಂಬೆ ತೋಟಗಳು ಒಂದಕ್ಕೊಂದು ಅಂಟಿಕೊಂಡಿವೆ. ಇಬ್ಬರಲ್ಲಿ ಜಗಳವಿಲ್ಲ. ಶಿವಗೊಂಡಪ್ಪ ತಂತಿ ಬೇಲಿ ಹಾಕಿಸಬೇಕಿತ್ತು. ಗೆರೆ ಎಲ್ಲಿದೆಯೆಂದು ಇಬ್ಬರೂ ಕೂಡಿಯೇ ನನ್ನನ್ನು ಕರೆಸಿದ್ದರು. ಆಷಾಢದ ಗಾಳಿ. ಅರ್ಧ ಕೆಲಸವಾದಾಗ ಒಂದು ಬೀಸು ಬಂದು ಸ್ಟ್ಯಾಂಡು ಜರುಗಿತು. ನಾನು ತಿರುಪು ತಿರುವಿ ಯಂತ್ರವನ್ನು ಮತ್ತೆ ಮಟ್ಟಕ್ಕೆ ತಂದೆ. ನನಗಿಂತ ಹಿರಿಯನಾದ, ಅಳತೆಯ ಕೋಲು ಹಿಡಿಯುವ ನನ್ನ ಸಹಾಯಕ ಬಸಣ್ಣ ದೂರದಿಂದ ನಡೆದು ಬಂದು, “ಸಾಹೇಬ್ರ, ಹಿಂದಿನ ಕಲ್ಲ ಇನ್ನೊಮ್ಮಿ ನೋಡ್ರಿ. ಯಂತ್ರ ಹೊಳ್ಳಿದಂಗ ಐತಿ” ಎಂದ.

ನೋಡಬೇಕಿತ್ತು. ಮಟ್ಟ ಸರಿಯಿದ್ದರೂ ಯಂತ್ರ ತುಸು ತಿರುಗಿದ್ದರೆ ಮುಂದಿನ ಗೆರೆಯೆಲ್ಲ ಓರೆಯಾಗುತ್ತದೆ. ಆದರೆ ನೋಡಲು ಮತ್ತೆ ಬಗ್ಗಬೇಕಿತ್ತು. ಅದೂ ಅಲ್ಲದೆ ದಸ್ತಗೀರಸಾಬರ ಮನೆಯಿಂದ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯದ ವಾಸನೆ ಬರುತ್ತಿತ್ತು. ಏನೂ ಆಗಿಲ್ಲ ನಡಿ ಎಂದು ಅವನನ್ನು ಮುಂದಕ್ಕೆ ಕಳಿಸಿದೆ. ಗೆರೆ ಬಿತ್ತು. ದಸ್ತಗೀರಸಾಬರ ಐದು ಗಿಡಗಳು ಶಿವಗೊಂಡಪ್ಪನವರ ನೆಲದಲ್ಲಿ ಬಂದವು. ಬೇಲಿಯನ್ನು ಆಚೆ ಬಳಸಿ ಹಾಕಿಸುತ್ತೇನೆ, ಗಿಡ ಇರಲಿ ಎಂದು ಶಿವಗೊಂಡಪ್ಪ ಎಷ್ಟೋ ಹೇಳಿದರು. ದಸ್ತಗೀರಸಾಬರು ಒಪ್ಪಲಿಲ್ಲ. ಯಂತ್ರ ಹೇಳಿದ ಮೇಲೆ ಇನ್ನೊಬ್ಬರ ನೆಲದ ಕಾಯಿ ತಮಗೆ ಬೇಡವೆಂದರು. ಮರುದಿನ ಬೆಳಿಗ್ಗೆ, ಬೇಲಿಗೆ ಅಡ್ಡವಾಗಬಾರದೆಂದು ತಾವೇ ಕೊಡಲಿ ತೆಗೆದುಕೊಂಡು ಐದನ್ನೂ ಕಡಿದರು. ಎಂಟು ವರ್ಷದ ಗಿಡಗಳು, ಮೈತುಂಬ ಕಾಯಿ.

ಮೂರನೆಯ ದಿನ ಮನೆಯಲ್ಲಿ ನಕ್ಷೆ ಬರೆಯಲು ಕುಳಿತೆ. ತೋಟದ ಸುತ್ತ ಅಳೆದ ಗೆರೆಯ ತುದಿ ಅದರ ಮೊದಲಿಗೇ ಬಂದು ಕೂಡಬೇಕು, ಕೂಡಲಿಲ್ಲ. ಕಂಪ್ಯೂಟರನ್ನು ಬೈದೆ. ಬಸಣ್ಣನ ಕೋಲನ್ನು ಬೈದೆ. ಬೈಯಲು ಇನ್ನಾರೂ ಉಳಿಯದಿದ್ದಾಗ ಹಳೆಯ ಕಟ್ಟಿಗೆಯ ಸ್ಟ್ಯಾಂಡು ಹೊತ್ತು ಬಸಣ್ಣನೊಡನೆ ಸಾಲೋಟಗಿಗೆ ಹೋದೆ. ಸಣ್ಣದೊಂದು ಪರೀಕ್ಷೆ ಎಂದಷ್ಟೇ ಹೇಳಿ ಮೊದಲಿನಿಂದ ಅಳೆದೆ. ಐದೂ ಬೊಡ್ಡೆಗಳು ದಸ್ತಗೀರಸಾಬರ ನೆಲದಲ್ಲೇ ಇದ್ದವು, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ. ಪಕ್ಕದಲ್ಲಿ ರಾಶಿ ಹಾಕಿದ ಟೊಂಗೆಗಳಲ್ಲಿ ಎಲೆ ಮುರುಟಿತ್ತು, ವಾಸನೆ ಮಾತ್ರ ಇನ್ನೂ ಹಸಿಯಾಗಿತ್ತು. ಬಸಣ್ಣ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮೋಟರ್ ಸೈಕಲ್ ಹತ್ತಿ ಹೊರಟುಬಿಡಬಹುದಿತ್ತು. ಗಿಡ ಹೇಗೂ ಬಿದ್ದಾಗಿತ್ತು, ತಪ್ಪು ಗೊತ್ತಿದ್ದದ್ದು ನನಗೆ, ಬಸಣ್ಣನಿಗೆ ಮಾತ್ರ. ಆ ಯೋಚನೆ ಬರಲಿಲ್ಲವೆಂದು ಹೇಳಲಾರೆ. ಕೀಲಿಕೈಯನ್ನು ಜೇಬಿನಿಂದ ತೆಗೆದದ್ದೂ ನಿಜ. ಆದರೆ ಅಷ್ಟರಲ್ಲಿ ದಸ್ತಗೀರಸಾಬರೇ ಎದುರಿಗೆ ಬಂದು ನಿಂತರು. ತಡವರಿಸುತ್ತ ಎಲ್ಲ ಹೇಳಿದೆ. ಅವರು ಒಂದು ಬೊಡ್ಡೆಯ ಮೇಲೆ ಕೈಯಾಡಿಸಿದರು. ಆಮೇಲೆ, “ಯಂತ್ರ ತಪ್ಪಿತೋ, ನೀವು ತಪ್ಪಿದ್ರೋ?” ಎಂದು ಕೇಳಿದರು.

ನಾನೇ ಎಂದೆ.

“ಹಂಗಾದ್ರ ಕುಂಡ್ರಿ, ಚಾ ಕುಡದ ಹೋಗ್ರಿ. ಮನಷ್ಯಾ ತಪ್ಪಿದ್ರ ಬಾಯಿ ಬಿಟ್ಟ ಹೇಳ್ತಾನ. ಯಂತ್ರ ತಪ್ಪಿದ್ರ ಯಾರಿಗಿ ಕೇಳೂದಿತ್ತು?”

ಬೈದಿದ್ದರೆ ಚಹಾ ಸಲೀಸಾಗಿ ಕುಡಿಯಬಹುದಿತ್ತು. ನಷ್ಟ ಕಟ್ಟಿಕೊಡುವ ಮಾತೆತ್ತಿದೆ. ಅವರು ಕೈ ಅಡ್ಡ ಹಿಡಿದರು. ಶಿವಗೊಂಡಪ್ಪ ಸುದ್ದಿ ಕೇಳಿದವರೇ ಬೇಲಿಯ ಕೆಲಸ ನಿಲ್ಲಿಸಿ ಮೂರು ದಿನದಲ್ಲಿ ಐದು ನಿಂಬೆ ಸಸಿ ತಂದರು. ನೆಡುವ ದಿನ ನನಗೂ ಹೇಳಿಕಳಿಸಿದರು. ಅದು ಸ್ನೇಹವೋ ಶಿಕ್ಷೆಯೋ ತಿಳಿಯದೆ ಹೋದೆ.

ಇಬ್ಬರೂ ಗುದ್ದಲಿ ಹಿಡಿದು ನಿಂತಿದ್ದರು. ಗುಂಡಿ ಎಲ್ಲೆಲ್ಲಿ ತೋಡಬೇಕೆಂದು ಗುರುತು ಹಾಕಿಕೊಡೋಣ, ಅಷ್ಟಾದರೂ ನನ್ನಿಂದಾಗಲಿ ಎಂದು ಟೇಪು ಬಿಚ್ಚಿದೆ. ದಸ್ತಗೀರಸಾಬರು ಬಹಳ ಮರ್ಯಾದೆಯಿಂದ ಅದನ್ನು ನನ್ನ ಕೈಯಿಂದ ತೆಗೆದು, ಸುತ್ತಿ, ನನ್ನ ಚೀಲದಲ್ಲೇ ಇಟ್ಟರು.

“ಇರ್ಲಿ ಬಿಡ್ರಿ ಸಾಹೇಬ್ರ. ನಾವು ಹೆಜ್ಜಿ ಹಾಕಿ ಅಳೀತೇವಿ. ನೀವು ನೆರಳಾಗ ಕುಂಡ್ರಿ.”

ನೆರಳು ಹುಡುಕಿದೆ. ಆ ಮೂಲೆಗೆ ನೆರಳು ಕೊಡುತ್ತಿದ್ದದ್ದು ಆ ಐದು ಗಿಡಗಳೇ. ಬಿಸಿಲಲ್ಲೇ ಕುಳಿತು, ಅವರು ಹೆಜ್ಜೆಯಿಂದ ಅಳೆದ ಸಾಲು ಎಷ್ಟು ನೆಟ್ಟಗಿದೆಯೆಂದು ಒಂದು ಕಣ್ಣು ಮುಚ್ಚಿ ನೋಡಿದೆ.