ಟೀಚರಮ್ಮನ ಪಾರ್ಸೆಲ್

ಕೊರಿಯರಿನವನು ತಟ್ಟಿದಾಗ ಗಡಿಯಾರದಣ್ಣ ಬಾಗಿಲು ತೆಗೆಯದೇ ಇದ್ದಿದ್ದರೆ ಅವನ ರಜೆ ನೆಟ್ಟಗಿರುತ್ತಿತ್ತು. ಆದರೆ ಅಂದು ವರ್ಷದ ಕೊನೆಯ ರಜೆಯ ಮೊದಲ ದಿನ. ಗಡಿಯಾರ ರಿಪೇರಿ ಅಂಗಡಿಗೆ ಬೀಗ ಬಿದ್ದಿತ್ತು, ಕೈಗೆ ಕೆಲಸವಿರಲಿಲ್ಲ. ಸದ್ದು ಕೇಳಿದ್ದೇ ತಡ, ಓಡಿದ.

"ಮೇಲಿನ ಮನೆ ಟೀಚರಮ್ಮ ಇಲ್ಲ. ನೀವು ಇಟ್ಕೊಳ್ತೀರಾ?" ಎಂದವನೇ ಕೊರಿಯರಿನವನು ಒಂದು ಪೆಟ್ಟಿಗೆ ಕೈಗಿಟ್ಟು, ಸಹಿ ಹಾಕಿಸಿಕೊಂಡು ಇಳಿದುಹೋದ.

ಟೀಚರಮ್ಮನಿಗೆ ಪಾರ್ಸೆಲ್! ರಜೆ ಬಂತೆಂದರೆ ಆ ಕಟ್ಟಡದ ಬಾಗಿಲು ಬಾಗಿಲಿಗೂ ಪೆಟ್ಟಿಗೆಗಳು ಬರುತ್ತಿದ್ದವು. ಮಗಳು ಕಳಿಸಿದ್ದು, ಅಳಿಯ ಕಳಿಸಿದ್ದು, ಹಳೇ ಸ್ನೇಹಿತರು ಕಳಿಸಿದ್ದು. ಟೀಚರಮ್ಮ ನಿವೃತ್ತರಾಗಿ ಎಂಟು ವರ್ಷ. ಅವರ ಬಾಗಿಲ ಮುಂದೆ ಕಾಲೊರಸು ಬಿಟ್ಟರೆ ಬೇರೇನೂ ಕಂಡದ್ದಿಲ್ಲ. ಗಡಿಯಾರದಣ್ಣ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. ವಿಳಾಸ ದುಂಡಗೆ ಬರೆದಿತ್ತು. ಕಳಿಸಿದವರ ಹೆಸರಿನ ಜಾಗ ಖಾಲಿ.

ಪೆಟ್ಟಿಗೆ ಮೇಜು ಮುಟ್ಟುವ ಮೊದಲೇ ಕೆಳಗಿನ ಮನೆಯ ಅಜ್ಜಿ ಹಾಜರು. ಕಟ್ಟಡದ ಸುದ್ದಿಯನ್ನೆಲ್ಲ ಬಿತ್ತರಿಸುತ್ತಿದ್ದುದರಿಂದ ಆಕೆಗೆ ರೇಡಿಯೋ ಅಜ್ಜಿ ಎಂದೇ ಹೆಸರು.

"ಯಾರು ಕಳಿಸಿದ್ದಂತೆ?"

"ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ಲ ಅಂದ್ರೇನು? ನಿನ್ನ ಕೈಯಲ್ಲೇ ಇದೆಯಲ್ಲಪ್ಪಾ!" ಅಜ್ಜಿ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. "ಸದ್ದೇ ಇಲ್ವಲ್ಲೋ!"

ಅಜ್ಜಿಯ ದನಿ ಕೇಳಿ ಎದುರುಮನೆಯ ಟೈಲರ್ ಬಂದ. ಪೆಟ್ಟಿಗೆಯನ್ನು ಅಂಗೈಯಲ್ಲಿ ತೂಗಿ ಕಣ್ಣು ಮುಚ್ಚಿದ. "ಉಣ್ಣೆ ಅಣ್ಣಾ. ಇಷ್ಟು ಹಗುರ ಇದೆ ಅಂದ್ರೆ ಒಳ್ಳೇ ಉಣ್ಣೆ. ನನ್ನ ಕೈ ಸುಳ್ಳು ಹೇಳಲ್ಲ."

ಆ ಕೈ ಅಳತೆ ತಪ್ಪದೆ ಒಂದು ಪ್ಯಾಂಟನ್ನೂ ಹೊಲಿದಿರಲಿಲ್ಲ. ಆದರೂ ಅರ್ಧ ಗಂಟೆಯೊಳಗೆ, ಟೀಚರಮ್ಮನಿಗೆ ಉಣ್ಣೆ ಬಟ್ಟೆ ಬಂದಿದೆ, ಅದು ಗಡಿಯಾರದಣ್ಣನ ಮನೆಯಲ್ಲಿದೆ ಎಂದು ಮೂರು ಮಹಡಿಗೂ ಗೊತ್ತಾಯಿತು.

ಅಜ್ಜಿ ತಲೆಯಲ್ಲಿ ಹುಳ ಬಿಟ್ಟು ಹೋಗಿದ್ದಳು. ಗಡಿಯಾರದಣ್ಣ ಪೆಟ್ಟಿಗೆಗೆ ಬೆನ್ನು ಹಾಕಿ ಪೇಪರ್ ಓದಿದ. ಓದಿದ ಸಾಲನ್ನೇ ಮತ್ತೆ ಓದಿದ. ಎಂಟು ವರ್ಷದ ಮೇಲೆ ನೆನಪಿಸಿಕೊಂಡವರು ಯಾರು? ಒಳಗೊಂದು ಚೀಟಿಯಾದರೂ ಇರಬೇಡವೇ? ಮೂವತ್ತು ವರ್ಷ ಗಡಿಯಾರಗಳ ಬೆನ್ನು ಬಿಚ್ಚಿ ಗುರುತಿಲ್ಲದಂತೆ ಮುಚ್ಚಿದ ಬೆರಳುಗಳು ಸುಮ್ಮನಿರಲು ಒಪ್ಪಲಿಲ್ಲ.

'ಚೀಟಿ ನೋಡಿ ಮುಚ್ಚಿಬಿಡೋದು, ಅಷ್ಟೇ' ಎಂದುಕೊಂಡು ಚಿಮಟ ತಂದ. ನೀರು ಕಾಯಿಸಿ, ಹಬೆ ತೋರಿಸಿ, ಅಂಟುಪಟ್ಟಿಯನ್ನು ಕೂದಲೆಳೆಯಷ್ಟೂ ಹರಿಯದಂತೆ ಬಿಡಿಸಿದ.

ಒಳಗೆ ಮುದುರಿದ ಹಳೇ ಪೇಪರ್. ಅದರ ಕೆಳಗೆ ಇನ್ನೊಂದು ಹಳೇ ಪೇಪರ್. ಅದರ ಕೆಳಗೆ ಪೆಟ್ಟಿಗೆಯ ತಳ.

ಪೆಟ್ಟಿಗೆಯನ್ನು ಕವುಚಿ ಕೊಡವಿದ. ಮೇಜಿನ ಕೆಳಗೆ ತೆವಳಿದ. ಉಣ್ಣೆ ಎಲ್ಲಿ? ದಾರಿಯಲ್ಲಿ ಯಾರೋ ಹೊಡೆದಿರಬೇಕು. ಆದರೆ ಅದನ್ನು ನಂಬುವವರು ಯಾರು? ಬೆಳಗ್ಗೆಯಿಂದ ಪೆಟ್ಟಿಗೆ ತನ್ನಲ್ಲೇ ಇದೆ. ಸಂಜೆಯ ರೇಡಿಯೋದಲ್ಲಿ ತಾನೇ ಕಳ್ಳ!

ಮನೆಯಲ್ಲಿ ಹೊಸ ಉಣ್ಣೆಯೆಂದರೆ ಇದ್ದದ್ದು ಒಂದೇ ಒಂದು. ಬೀರುವಿನಲ್ಲಿ ತನ್ನ ಅಂಗಿಗಳ ಹಿಂದೆ ಬಚ್ಚಿಟ್ಟಿದ್ದ ನೇರಳೆ ಬಣ್ಣದ ಶಾಲು. ಕಳೆದ ವರ್ಷ ಗಿರಾಕಿ ಬಿಟ್ಟುಹೋದ ಗೋಡೆ ಗಡಿಯಾರವನ್ನೇ ಹೆಂಡತಿಗೆ ಉಡುಗೊರೆ ಕೊಟ್ಟು, ರಜೆ ಮುಗಿಯುವವರೆಗೂ ಅವಳ ಬಾಯಲ್ಲಿ ಗಂಟೆ ಗಂಟೆಗೂ ಬೈಸಿಕೊಂಡಿದ್ದ. ಈ ಸಲ ನಾಲ್ಕು ಅಂಗಡಿ ಸುತ್ತಿ, ಅವಳಿಗೆ ಇಷ್ಟವಾದ ಬಣ್ಣವನ್ನೇ ಹುಡುಕಿ ತಂದಿದ್ದ. ಅವಳು ಆಸ್ಪತ್ರೆಯಲ್ಲಿ ನರ್ಸ್. ಸಂಜೆ ಡ್ಯೂಟಿ ಮುಗಿಸಿ ಬಂದೊಡನೆ ಕೊಡಬೇಕೆಂದಿದ್ದ.

ಶಾಲನ್ನು ಒಮ್ಮೆ ಕೆನ್ನೆಗೊತ್ತಿಕೊಂಡ. ಆಮೇಲೆ ಪೆಟ್ಟಿಗೆಯೊಳಗಿಟ್ಟು ಅಂಟಿಸಿದ. ಅಳು ಬರುವಂತಾಯಿತು.

ಸಂಜೆ ಟೀಚರಮ್ಮನೂ ಹೆಂಡತಿಯೂ ಒಟ್ಟಿಗೇ ಮೆಟ್ಟಿಲು ಹತ್ತಿ ಬಂದರು. ಅಜ್ಜಿ, ಟೈಲರ್ ಅಲ್ಲೇ ಕಾದು ನಿಂತಿದ್ದರು.

"ಓ, ಬಂತಾ?" ಟೀಚರಮ್ಮ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೇಲೆ ಹೊರಟರು. "ಆಮೇಲೆ ತೆಗೀತೀನಿ."

"ಆಮೇಲೆ ಯಾಕೆ? ಈಗ್ಲೇ ತೆಗೀರಿ, ನಾವೂ ನೋಡ್ತೀವಿ!" ಅಜ್ಜಿ ದಾರಿ ಬಿಡಲಿಲ್ಲ. ಟೈಲರ್ ಕತ್ತರಿಯನ್ನೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಟೀಚರಮ್ಮನ ಮುಖ ಬಿಳಿಚಿಕೊಂಡಿತು. ಅವರು ಬೇಡ ಬೇಡವೆನ್ನುತ್ತಿದ್ದಂತೆಯೇ ಟೈಲರ್ ಕತ್ತರಿಸಿ, ಶಾಲನ್ನು ಹೊರಗೆಳೆದು ಬಾವುಟದಂತೆ ಎತ್ತಿ ಹಿಡಿದ.

"ಹೇಳ್ಲಿಲ್ವಾ? ಉಣ್ಣೆ!"

ಎಲ್ಲರಿಗಿಂತ ಹೆಚ್ಚು ಬೆರಗಾದವರು ಟೀಚರಮ್ಮ. ಮೆಟ್ಟಿಲ ಮೇಲೆ ಕುಸಿದು ಕೂತು, ಶಾಲನ್ನು ಹೊದ್ದುಕೊಂಡು ಕಣ್ಣೊರೆಸಿಕೊಂಡರು.

"ಯಾರು ಕಳಿಸಿದ್ದು?"

"ಸತ್ಯವಾಗ್ಲೂ ಗೊತ್ತಿಲ್ಲ ಅಜ್ಜಿ" ಎಂದರು ಟೀಚರಮ್ಮ.

ಹೆಂಡತಿ ಶಾಲಿನ ಅಂಚು ಸವರಿ ಗಂಡನತ್ತ ತಿರುಗಿದಳು. "ನೋಡಿದ್ರಾ? ಎಲ್ಲೋ ಇರೋರಿಗೆ ಎಷ್ಟು ಒಳ್ಳೇ ಮನಸ್ಸು! ನನಗೆ ಈ ವರ್ಷ ಯಾವ ಗಡಿಯಾರ ಅಂತ ನೋಡ್ತೀನಿ, ಬನ್ನಿ ಒಳಗೆ."

ಗಡಿಯಾರದಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಟೀಚರಮ್ಮನ ಕೈಚೀಲ ಮೇಲೆ ತಲುಪಿಸುವ ನೆಪದಲ್ಲಿ ಅಲ್ಲಿಂದ ತಪ್ಪಿಸಿಕೊಂಡ.

ಬಾಗಿಲ ಬಳಿ ಟೀಚರಮ್ಮ ದನಿ ತಗ್ಗಿಸಿದರು. "ನೋಡಪ್ಪಾ, ನಿನ್ನ ಹತ್ರ ಮುಚ್ಚಿಡಲ್ಲ. ಆ ಪೆಟ್ಟಿಗೆ ಖಾಲಿ ಇತ್ತು. ನಾನೇ ನನಗೆ ಕಳಿಸ್ಕೊಂಡಿದ್ದು. ಎಲ್ಲರ ಮನೆಗೂ ಬರುತ್ತೆ, ನನಗೊಬ್ಬಳಿಗೆ ಬರಲ್ಲ ಅಂದ್ರೆ ನಾಚಿಕೆ ಆಗ್ತಿತ್ತು. ನಾಲ್ಕು ಜನ ನೋಡ್ಲಿ ಅಂತ ಬೆಳಗ್ಗೆಯಿಂದ ಪಾರ್ಕಿನ ಚಳೀಲಿ ಕೂತಿದ್ದೆ. ದಾರೀಲಿ ಯಾರೋ ಪುಣ್ಯಾತ್ಮರು ಶಾಲು ಹಾಕಿದ್ದಾರೆ!"

ಅವರ ಕಣ್ಣುಗಳು ಚಿಕ್ಕ ಹುಡುಗಿಯ ಕಣ್ಣುಗಳಂತೆ ಹೊಳೆಯುತ್ತಿದ್ದವು. ಗಡಿಯಾರದಣ್ಣನಿಗೆ ಹೊಟ್ಟೆ ಉರಿಯಿತು. ಅದರ ಜೊತೆಗೇ, ಯಾಕೋ, ಖುಷಿಯೂ ಆಯಿತು.

"ಒಳ್ಳೇದಾಯ್ತು ಬಿಡಿ ಟೀಚರಮ್ಮ" ಎಂದು ಮೆಟ್ಟಿಲಿಗೆ ಕಾಲಿಟ್ಟ.

"ಇನ್ನೊಂದು ಮಾತಪ್ಪಾ. ಒಂದೇ ಬಂದ್ರೆ ಯಾರು ನಂಬ್ತಾರೆ ಅಂತ ಮೂರು ಕಳಿಸಿದ್ದೆ. ನಾಳೆ ಒಂದು, ನಾಡಿದ್ದು ಒಂದು ಬರುತ್ತೆ. ನೀನೇ ಇಸ್ಕೊಂಡಿರು. ನಿನ್ನ ಕೈಗುಣ ಚೆನ್ನಾಗಿದೆ."

ಕೆಳಗಿನಿಂದ ಹೆಂಡತಿ ಕೂಗಿದಳು, "ರೀ, ಬೀರುವೆಲ್ಲ ಹುಡುಕಿದೆ. ಏನೂ ಇಲ್ವಲ್ರೀ!"

ಗಡಿಯಾರದಣ್ಣ ಕಂಬಿ ಹಿಡಿದು ನಿಂತು, ಮದುವೆಯಾದ ವರ್ಷ ಅವಳೇ ಹೆಣೆದುಕೊಟ್ಟಿದ್ದ ತನ್ನ ಮೈಮೇಲಿನ ಸ್ವೆಟರನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ. ಮನೆಯಲ್ಲಿ ಉಣ್ಣೆಯದೆಂದು ಇನ್ನು ಉಳಿದಿದ್ದದ್ದು ಅದೊಂದೇ.